ದೂರವಾಣಿನಗರದ ದುಡಿಮೆ: ಐಟಿಐ ಕಾರ್ಖಾನೆಯ ಕೆಲಸಗಾರರು ಮತ್ತು ಆಡಳಿತ

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಬೆಂಗಳೂರಿನ ಪೂರ್ವದಂಚಿಗೆ, ಹಳೇ ಮದ್ರಾಸ್ ರಸ್ತೆಯ ಮಗ್ಗುಲಲ್ಲಿ, ಕೃಷ್ಣರಾಜಪುರದ ಸಮೀಪ ಅದು ಕೇಂದ್ರ ಸರ್ಕಾರದ ಇಲಾಖಾ ಕಾರ್ಖಾನೆಯಾಗಿ ಶುರುವಾಯಿತು. 1950ರ ಜನವರಿಯಲ್ಲಿ ಕಂಪನಿಯಾಗಿ ನೋಂದಣಿಯಾಯಿತು. ಮೈಸೂರು ಸರ್ಕಾರವೂ ಅದರಲ್ಲಿ ಷೇರುದಾರ. ಯಂತ್ರವಿದ್ಯೆ ಬಂದದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯಿಂದ. ಕಾರ್ಖಾನೆಯ ಸುತ್ತ ಎದ್ದ ಊರಿಗೆ ದೂರವಾಣಿನಗರ ಎಂದು ಹೆಸರಾಯಿತು. ತಾನು ತಯಾರಿಸುವ ವಸ್ತುವಿನ ಹೆಸರನ್ನೇ ಊರಿಗೆ ಕೊಟ್ಟ ಕಾರ್ಖಾನೆಗಳು ಕಡಿಮೆ.

ಬೆಂಗಳೂರಿನ ಮಾತಿನಲ್ಲಿ ‘ಐಟಿಐ’ ಎಂದರೆ ಎರಡು. ಒಂದು ಈ ಕಾರ್ಖಾನೆ. ಇನ್ನೊಂದು ಫಿಟ್ಟರ್, ಟರ್ನರ್ ಕೆಲಸ ಕಲಿಸುವ ಕೈಗಾರಿಕಾ ತರಬೇತಿ ಸಂಸ್ಥೆ. ಐಟಿಐ ಮುಗಿಸಿ ಐಟಿಐ ಸೇರಬೇಕು ಎಂದು ಆ ಕಾಲದ ಹುಡುಗನೊಬ್ಬ ಹೇಳಿದರೆ ಕೇಳಿದವರಿಗೆ ಗೊಂದಲವೇನೂ ಆಗುತ್ತಿರಲಿಲ್ಲ.

ಕಂಪನಿ ಏನನ್ನು ಎಷ್ಟು ತಯಾರಿಸಿತು ಎಂಬ ಲೆಕ್ಕ ವಾರ್ಷಿಕ ವರದಿಗಳಲ್ಲಿ ಸಿಗುತ್ತದೆ. ಅಲ್ಲಿ ದುಡಿದವರ ಬದುಕಿನ ಕಥೆಗೆ ಬೇರೆ ಎಳೆ ಹಿಡಿಯಬೇಕು, ಮತ್ತು ಆ ಎಳೆ ಇರುವುದು ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರದೊಳಗೆ. ಯಂತ್ರ ಎಷ್ಟು ಕೈಗಳನ್ನು ಬೇಡಿತೋ ಕಾರ್ಖಾನೆ ಅಷ್ಟು ಬೆಳೆಯಿತು. ಯಂತ್ರ ಬದಲಾದ ಮೇಲೆ ಆ ಕೈಗಳಿಗೆ ಏನು ಕೆಲಸ ಎಂಬ ಪ್ರಶ್ನೆಗೆ ಯಾವ ಆಡಳಿತ ಮಂಡಳಿಯಿಂದಲೂ ಸಮಯಕ್ಕೆ ಸರಿಯಾಗಿ ಉತ್ತರ ಬರಲಿಲ್ಲ.

ಕೈ ಬೇಡುವ ಯಂತ್ರ

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಟೆಲಿಫೋನುಗಳು ಸುಮಾರು 80,000. ಎಕ್ಸ್‌ಚೇಂಜಿನ ಉಪಕರಣಗಳೆಲ್ಲ ಹಡಗಿನಲ್ಲಿ ಬರಬೇಕಿತ್ತು. ಬೆಂಗಳೂರಿನಲ್ಲಿ ಆಗಲೇ ಶಿವನಸಮುದ್ರದ ವಿದ್ಯುತ್ತಿತ್ತು, 1940ರಿಂದ ವಿಮಾನ ಕಾರ್ಖಾನೆಯಿತ್ತು, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು. ಧೂಳು, ಸೆಕೆ ಎರಡೂ ಕಡಿಮೆಯಿದ್ದ ಹವೆ ಸೂಕ್ಷ್ಮ ಯಂತ್ರಗಳ ಕೆಲಸಕ್ಕೆ ಹೊಂದುತ್ತಿತ್ತು.

ಲಿವರ್‌ಪೂಲ್‌ನಿಂದ ಬಂದದ್ದು ಸ್ಟ್ರೋಜರ್ ಪದ್ಧತಿ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೋಜರ್ ಇದಕ್ಕೆ 1891ರಲ್ಲಿ ಪೇಟೆಂಟ್ ಪಡೆದಿದ್ದ. ಚಂದಾದಾರ 3ರ ತೂತಿಗೆ ಬೆರಳಿಟ್ಟು ಡಯಲ್ ತಿರುಗಿಸಿ ಬಿಟ್ಟರೆ ಎಕ್ಸ್‌ಚೇಂಜಿಗೆ ಮೂರು ವಿದ್ಯುತ್ ತುಡಿತಗಳು ಹೋಗುತ್ತವೆ. ಅಲ್ಲಿನ ಸೆಲೆಕ್ಟರ್‌ನ ದಂಡ ಟಕ್ ಟಕ್ ಟಕ್ ಎಂದು ಮೂರು ಮೆಟ್ಟಿಲು ಮೇಲೇರುತ್ತದೆ, ಆಮೇಲೆ ಅಡ್ಡಕ್ಕೆ ತಿರುಗಿ ಬಿಡುವಿರುವ ತಂತಿಯನ್ನು ಹುಡುಕುತ್ತದೆ. ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು ನೂರು ಸಂಪರ್ಕಗಳು. ಒಂದು ಕರೆ ಮುಟ್ಟಬೇಕಾದರೆ ಇಂಥ ಹಲವು ಸೆಲೆಕ್ಟರ್‌ಗಳು ಒಂದರ ನಂತರ ಒಂದು ಏರಿ ತಿರುಗಬೇಕು.

ಈ ಯಂತ್ರದಲ್ಲಿ ಪ್ರೆಸ್ಸಿನಿಂದ ಬಂದ ಹಾಗೇ ಕೂರುವ ಭಾಗ ಬಹಳ ಕಡಿಮೆ. ರಿಲೇಯನ್ನೇ ತೆಗೆದುಕೊಂಡರೆ, ಕಬ್ಬಿಣದ ತಿರುಳಿನ ಸುತ್ತ ಸಣ್ಣ ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರ ಪಕ್ಕದಲ್ಲಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳು. ಪಟ್ಟಿ ಪಟ್ಟಿಯ ನಡುವಿನ ಸಂದು ಫೀಲರ್ ಗೇಜಿನ ಎಲೆ ಜಾರುವಷ್ಟೇ ಇರಬೇಕು. ಒತ್ತಡ ಗ್ರಾಮ್ ಲೆಕ್ಕದಲ್ಲಿ ಸರಿಯಿರಬೇಕು. ಹೆಚ್ಚು ಕಡಿಮೆಯಾದರೆ ಉದ್ದ ಮೂತಿಯ ಇಕ್ಕಳದಿಂದ ಪಟ್ಟಿಯನ್ನು ಬುಡದಲ್ಲಿ ಹಿಡಿದು ಸವರಿದ ಹಾಗೆ ಬಗ್ಗಿಸಬೇಕು. ಇದಕ್ಕೆ ‘ಅಡ್ಜಸ್ಟ್‌ಮೆಂಟ್’ ಎಂದು ಹೆಸರು.

ಡಯಲ್‌ನ ಕೆಲಸವೂ ಹೀಗೆಯೇ. ಬೆರಳು ಬಿಟ್ಟ ಡಯಲ್ ಸೆಕೆಂಡಿಗೆ ಹತ್ತು ತುಡಿತ ಕಳಿಸುತ್ತ ಹಿಂದಿರುಗಬೇಕು. ವೇಗ ಹೆಚ್ಚಾದರೆ ಸೆಲೆಕ್ಟರ್‌ಗೆ ಎಣಿಕೆ ತಪ್ಪುತ್ತದೆ, ಕಡಿಮೆಯಾದರೂ ತಪ್ಪುತ್ತದೆ. ಎರಡೂ ಸಲ ಕರೆ ಬೇರೆ ಯಾರದೋ ಮನೆಗೆ ಹೋಗುತ್ತದೆ. ವೇಗ ಹಿಡಿತದಲ್ಲಿಡಲು ಡಯಲ್‌ನ ಹಿಂದೆ ಗವರ್ನರ್ ಎಂಬ ಪುಟ್ಟ ಸಾಧನ. ತಿರುಗುವಾಗ ಅದರ ಎರಡು ರೆಕ್ಕೆಗಳು ಹೊರಕ್ಕೆ ಬಾಗಿ ಬಟ್ಟಲಿನ ಒಳಗೋಡೆಗೆ ಉಜ್ಜುತ್ತವೆ, ಅದೇ ಬ್ರೇಕು. ಬೆಂಚಿನ ಮುಂದೆ ಕೂತವರು ಡಯಲನ್ನು ಸೊನ್ನೆಯಿಂದ ಬಿಟ್ಟು, ಮೀಟರ್ ನೋಡಿ, ರೆಕ್ಕೆಯನ್ನು ತುಸು ಒಳಕ್ಕೋ ಹೊರಕ್ಕೋ ಬಾಗಿಸಿ ಮತ್ತೆ ಬಿಡುತ್ತಿದ್ದರು. ಸೊನ್ನೆಗೆ ಹತ್ತು ತುಡಿತ, ಹಾಗಾಗಿ ಒಂದು ಸೆಕೆಂಡು. ಕೆಲಸ ಪಳಗಿದವರಿಗೆ ಮೀಟರ್ ಬೇಕಾಗುತ್ತಿರಲಿಲ್ಲ. ಡಯಲ್ ಹಿಂದಿರುಗುವ ಗುರ್ರೆನ್ನುವ ಸದ್ದೇ ಸಾಕಿತ್ತು.

ಇಂಥ ಕೈಚಳಕ ಬರಲು ವರ್ಷಗಳು ಬೇಕು. ಬಂದ ಮೇಲೆ ಅದು ಬೇರೆಲ್ಲೂ ನಡೆಯುವ ನಾಣ್ಯವಲ್ಲ, ಏಕೆಂದರೆ ದೇಶದಲ್ಲಿ ಸ್ಟ್ರೋಜರ್ ಸೆಲೆಕ್ಟರ್ ತಯಾರಿಸುವ ಇನ್ನೊಂದು ಕಂಪನಿ ಇರಲಿಲ್ಲ. ಕಂಪನಿಗೆ ಪಳಗಿದ ಕೆಲಸಗಾರರು ಬಿಟ್ಟುಹೋಗಬಾರದು, ಕೆಲಸಗಾರರಿಗೆ ಹೋಗಲು ಬೇರೆ ಜಾಗವಿಲ್ಲ. ಐಟಿಐಯಲ್ಲಿ ಬೇರೂರಿದ ಜೀವಮಾನದ ನೌಕರಿ ಎಂಬ ಪದ್ಧತಿಯ ಅಡಿಪಾಯದಲ್ಲಿ ಸಮಾಜವಾದದ ಆದರ್ಶವೂ ಇತ್ತು, ಈ ಅನಿವಾರ್ಯವೂ ಇತ್ತು. ಮಾತಿನಲ್ಲಿ ಮೊದಲನೆಯದೇ ಹೆಚ್ಚು ಕೇಳಿಬಂತು.

ಊರಾದ ಕಾರ್ಖಾನೆ

ಐಟಿಐ ಹುಟ್ಟಿದ ವರ್ಷವೇ ಸ್ವತಂತ್ರ ಭಾರತದ ಕಾರ್ಖಾನೆ ಕಾಯ್ದೆಯೂ ಬಂತು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಕ್ಯಾಂಟೀನ್, 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಮಂದಿರ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಿದರೆ ಇಮ್ಮಡಿ ದರದ ಓಟಿ, ಎಲ್ಲವೂ ಆ ಕಾಯ್ದೆಯವು. ಖಾಸಗಿ ಮಾಲೀಕರು ಇವನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದ ದಿನಗಳಲ್ಲಿ ಸರ್ಕಾರಿ ಕಾರ್ಖಾನೆ ಮಾದರಿಯಾಗಬೇಕೆಂಬ ಒತ್ತಾಯವಿತ್ತು. ಐಟಿಐ ಕಾಯ್ದೆ ಕೇಳಿದ್ದಕ್ಕಿಂತ ಬಹಳ ಮುಂದೆ ಹೋಯಿತು. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನ, ನಗರದ ಮೂಲೆ ಮೂಲೆಗೆ ಹೋಗಿ ಕರೆತರುವ ಬಸ್ಸು, ಪುಡಿಗಾಸಿಗೆ ಸಿಗುವ ಊಟ ತಿಂಡಿ.

ಕಾರ್ಖಾನೆಯ ದಿನ ಸೈರನ್ನಿನಿಂದ ಶುರುವಾಗುತ್ತಿತ್ತು. ಸೈರನ್ ಬರೀ ಕೆಲಸಗಾರರಿಗಲ್ಲ, ಸುತ್ತಲಿನ ಹಳ್ಳಿಗಳಿಗೂ ಗಡಿಯಾರ. ಅದನ್ನು ಕೇಳಿ ಒಲೆ ಹಚ್ಚುವವರಿದ್ದರು, ಮಕ್ಕಳನ್ನು ಶಾಲೆಗೆ ಎಬ್ಬಿಸುವವರಿದ್ದರು. ಗೇಟಿನಲ್ಲಿ ಕಾರ್ಡ್ ಪಂಚ್ ಮಾಡಿ ಒಳಗೆ ಹೋದರೆ ಮುಂದಿನ ಗಂಟೆಗಳೆಲ್ಲ ತಮ್ಮ ತಮ್ಮ ಷಾಪಿನವು: ಪ್ರೆಸ್ ಷಾಪ್, ಟೂಲ್ ರೂಮ್, ಪ್ಲೇಟಿಂಗ್, ಕಾಯಿಲ್ ವೈಂಡಿಂಗ್, ಅಸೆಂಬ್ಲಿ. ಪ್ಲೇಟಿಂಗಿನ ಆಸಿಡ್ ವಾಸನೆ ಮೂಗಿಗೆ ಹತ್ತಿದವರಿಗೂ ಅಸೆಂಬ್ಲಿಯ ಬೆಂಚಿನಲ್ಲಿ ಕಣ್ಣು ಕಿರಿದುಮಾಡಿ ಕೂತವರಿಗೂ ಕಾರ್ಖಾನೆ ಒಂದೇ ಆಗಿರಲಿಲ್ಲ. ಟೂಲ್ ರೂಮಿನವರು ತಮ್ಮನ್ನು ಒಂದು ಮೆಟ್ಟಿಲು ಮೇಲೆಂದು ಎಣಿಸಿಕೊಂಡಿದ್ದರು, ಅದನ್ನು ಮಿಕ್ಕವರೂ ಒಳಗೊಳಗೇ ಒಪ್ಪಿದ್ದರು.

ಸಂಬಳದ ಹೊರಗೆ ಹಬ್ಬದ ಮುಂಗಡ, ಸೊಸೈಟಿ ಸಾಲ, ಪಿ.ಎಫ್. ಸಾಲ, ಎಲ್‌ಟಿಸಿ, ಬೋನಸ್. ಇವುಗಳ ಆಧಾರದ ಮೇಲೆ ಸುತ್ತಲಿನ ಬಡಾವಣೆಗಳಲ್ಲಿ ಸೈಟುಗಳು ಮನೆಗಳಾದವು, ತಂಗಿಯರ ಮದುವೆಗಳಾದವು. ವರನಿಗೆ ‘ಐಟಿಐನಲ್ಲಿ ಪರ್ಮನೆಂಟು’ ಎಂಬ ಎರಡು ಮಾತಿನ ಪರಿಚಯ ಸಾಕಾಗುತ್ತಿತ್ತು. ಖಾತರಿಯ ಸಂಬಳ ಸಾಲಕ್ಕೂ ಖಾತರಿ, ಹಾಗಾಗಿ ಬಡ್ಡಿಯವರೂ ಚೀಟಿಯವರೂ ಸಂಬಳದ ದಿನ ಗೇಟಿನಾಚೆ ಹಾಜರಿರುತ್ತಿದ್ದರು.

ಆಯುಧಪೂಜೆಯ ದಿನ ಷಾಪುಗಳಿಗೆ ಬೇರೆಯೇ ರೂಪ. ಹಿಂದಿನ ದಿನವೇ ಮೆಷಿನ್ ಒರೆಸಿ, ಎಣ್ಣೆ ಜಿಡ್ಡು ತೆಗೆದು, ಮಾವಿನ ತೋರಣ ಕಟ್ಟಿ, ಲೇತಿನ ತಲೆಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದರೆ ಆ ಹೊತ್ತು ಮ್ಯಾನೇಜರೂ ಹೆಲ್ಪರೂ ಒಂದೇ ಬುಟ್ಟಿಯಿಂದ ಕಡಲೆಪುರಿ ತಿನ್ನುತ್ತಿದ್ದರು. ಉಳಿದ ದಿನಗಳಲ್ಲಿ ಅಧಿಕಾರಿಗಳ ಊಟದ ಕೋಣೆ ಬೇರೆ, ಕೆಲಸಗಾರರದು ಬೇರೆ.

ಕಾರ್ಖಾನೆಯ ಹೆಸರನ್ನು ಹೊರಗೆ ಹೊತ್ತು ತಿರುಗಿದ್ದು ಫುಟ್‌ಬಾಲ್ ತಂಡ. ನಗರದ ಟೂರ್ನಿಗಳಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಪೈಪೋಟಿಗೆ ಎರಡೂ ಕಾಲೊನಿಗಳು ಎದ್ದು ಬರುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಐಟಿಐ ತಂಡ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲೂ ಆಡಿತು. ಆಟಗಾರರು ಕಂಪನಿಯ ನೌಕರರೇ.

ಒಬ್ಬನೇ ಗಿರಾಕಿ

ಐಟಿಐಯ ಆಡಳಿತವನ್ನು ಅರ್ಥಮಾಡಿಕೊಳ್ಳಲು ಅದರ ವ್ಯಾಪಾರ ಗೊತ್ತಿರಬೇಕು. ಕಂಪನಿಗೆ ಗಿರಾಕಿ ಬಹುಮಟ್ಟಿಗೆ ಒಬ್ಬನೇ, ಅಂಚೆ ಮತ್ತು ತಂತಿ ಇಲಾಖೆ. ಇಲಾಖೆಗೂ ಅಂಗಡಿ ಒಂದೇ. ತಯಾರಿಕೆಗೆ ಆದ ಖರ್ಚು, ಅದರ ಮೇಲೆ ಇಷ್ಟು ಲಾಭ ಎಂಬ ಲೆಕ್ಕದಲ್ಲಿ ಬೆಲೆ ಕಟ್ಟಲಾಗುತ್ತಿತ್ತು. ಖರ್ಚು ಏರಿದರೆ ಬೆಲೆಯೂ ಏರುತ್ತದೆ. ಟೆಲಿಫೋನಿಗಾಗಿ ವರ್ಷಗಟ್ಟಲೆ ಕಾಯುವ ಜನರ ಪಟ್ಟಿ ಎದುರಿಗಿದ್ದಾಗ ಕೇಳಬೇಕಾದ ಪ್ರಶ್ನೆ ಎಷ್ಟು ತಯಾರಾಯಿತು ಎಂಬುದೊಂದೇ. ಎಷ್ಟು ಜನ ಸೇರಿ ತಯಾರಿಸಿದರು ಎಂದು ಕೇಳುವ ತುರ್ತು ಯಾರಿಗೂ ಇರಲಿಲ್ಲ.

ಇದರ ಫಲ ಷಾಪ್ ಫ್ಲೋರಿನ ಮೇಲೆ ಕಾಣುತ್ತಿತ್ತು. ಕೆಲಸಕ್ಕೆ ದಿನದ ಕೋಟಾ, ಅದಕ್ಕಿಂತ ಹೆಚ್ಚು ಮಾಡಿದವರಿಗೆ ಇನ್ಸೆಂಟಿವ್ ಎಂಬ ಏರ್ಪಾಡಿತ್ತು. ಕೈ ಪಳಗಿದವರು ಕೋಟಾವನ್ನು ಮಧ್ಯಾಹ್ನದ ಹೊತ್ತಿಗೇ ಮುಗಿಸಿಬಿಡುತ್ತಿದ್ದರು. ಉಳಿದ ಹೊತ್ತು ಹರಟೆ, ಪತ್ರಿಕೆ, ಯೂನಿಯನ್ ಸುದ್ದಿ. ಇನ್ನೂ ಮಾಡಬಹುದಲ್ಲ ಎಂದರೆ ನಾಳೆ ಕೋಟಾವನ್ನೇ ಏರಿಸುತ್ತಾರೆ ಎಂಬ ಭಯ. ಆ ಭಯ ಆಧಾರವಿಲ್ಲದ್ದಲ್ಲ. ಟೈಮ್ ಸ್ಟಡಿಯವನು ಗಡಿಯಾರ ಹಿಡಿದು ಬೆನ್ನ ಹಿಂದೆ ನಿಂತರೆ ಕೈಗಳು ತಾವಾಗಿ ನಿಧಾನವಾಗುವುದು ಜಗತ್ತಿನ ಎಲ್ಲ ಕಾರ್ಖಾನೆಗಳಲ್ಲೂ ನಡೆದದ್ದೇ.

ನಡುವೆ ಸಿಕ್ಕಿಬಿದ್ದವನು ಸೂಪರ್‌ವೈಸರ್. ಎಷ್ಟೋ ಸಲ ಆತ ಅದೇ ಬೆಂಚಿನಿಂದ ಮೇಲೆ ಬಂದವನು. ತಡವಾಗಿ ಬಂದವರಿಗೆ ಮೆಮೊ ಕೊಡುವ ಹಕ್ಕು ಕಾಗದದ ಮೇಲೆ ಅವನಿಗಿತ್ತು. ಮೆಮೊ ಚಾರ್ಜ್‌ಶೀಟ್ ಆಗಿ, ಇಲಾಖಾ ವಿಚಾರಣೆ ನಡೆದು, ಯೂನಿಯನ್ ಪ್ರತಿನಿಧಿ ಬಂದು ಕೂತು, ಕೊನೆಗೆ ಎಚ್ಚರಿಕೆ ಕೊಟ್ಟು ಬಿಡಲಾಗಿದೆ ಎಂಬಲ್ಲಿಗೆ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್‌ಗೆ ಮುಖ ಎತ್ತಿ ಓಡಾಡುವುದು ಕಷ್ಟವಾಗುತ್ತಿತ್ತು. ಬಡ್ತಿ ಸೇವಾ ಹಿರಿತನದ ಮೇಲೆ. ಚೆನ್ನಾಗಿ ಮಾಡಿದವನಿಗೂ ಹೇಗೋ ಮಾಡಿದವನಿಗೂ ಸರದಿ ಬಂದಾಗಲೇ ಬರುತ್ತದೆ. ಪಕ್ಷಪಾತ ತಡೆಯಲು ಬಂದ ಈ ನಿಯಮ ಕೆಲಸಗಾರರಿಗೆ ಮಾನ ಕೊಟ್ಟದ್ದು ನಿಜ: ಸಾಹೇಬರ ಮನೆಯ ತರಕಾರಿ ತರದೆಯೂ ಬಡ್ತಿ ಪಡೆಯಬಹುದು ಎಂಬುದು ಆ ತಲೆಮಾರಿಗೆ ಸಣ್ಣ ಮಾತಾಗಿರಲಿಲ್ಲ. ಹುರುಪಿದ್ದವರನ್ನು ಅದೇ ನಿಯಮ ತಣ್ಣಗಾಗಿಸಿತು ಎಂಬುದೂ ಅಷ್ಟೇ ನಿಜ.

ಕಂಪನಿಯ ಮುಖ್ಯಸ್ಥರಿಗೂ ಕೈಕಟ್ಟು ಇತ್ತು. ಏನು ತಯಾರಿಸಬೇಕು, ಯಾವ ದೇಶದ ತಂತ್ರಜ್ಞಾನ ತರಬೇಕು, ಹೊಸ ಘಟಕ ಎಲ್ಲಿ ತೆರೆಯಬೇಕು ಎಂಬ ತೀರ್ಮಾನಗಳು ದೆಹಲಿಯವು. 1965ರಲ್ಲಿ ಸಾರ್ವಜನಿಕ ಉದ್ದಿಮೆಗಳ ಬ್ಯೂರೊ ಬಂದ ಮೇಲೆ ವೇತನದ ಮಿತಿಯೂ ದೆಹಲಿಯಲ್ಲೇ ಗೊತ್ತಾಗತೊಡಗಿತು. ಬೆಂಗಳೂರಿನಲ್ಲಿ ಯೂನಿಯನ್ ಎದುರು ಮೇಜಿನ ಈಚೆ ಕೂತವರಿಗೆ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಅರ್ಧವೇ ಇತ್ತು. ಎದುರು ಕೂತವರಿಗೂ ಅದು ತಿಳಿದಿತ್ತು.

1964ರ ಒಂದು ತೀರ್ಮಾನ ಇದಕ್ಕೆ ಸಾಕ್ಷಿ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿದ್ದ ಬೆಲ್ ಟೆಲಿಫೋನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಜೊತೆ ಪೆಂಟಾಕಾಂಟ ಎಂಬ ಕ್ರಾಸ್‌ಬಾರ್ ಎಕ್ಸ್‌ಚೇಂಜಿಗೆ ಒಪ್ಪಂದವಾಯಿತು. ಸ್ಟ್ರೋಜರ್‌ಗಿಂತ ಹೊಸದು, ಚಲಿಸುವ ಭಾಗ ಕಡಿಮೆ. ಆದರೆ ಯುರೋಪಿನಲ್ಲಿ ಮನೆಗೊಂದು ಫೋನು, ದಿನಕ್ಕೆ ಕೆಲವೇ ಕರೆ. ಇಲ್ಲಿ ಬೀದಿಗೊಂದು ಫೋನು, ಅದಕ್ಕೆ ಬಿಡುವೇ ಇಲ್ಲ. ಅಷ್ಟು ಕರೆಗಳ ಒತ್ತಡಕ್ಕೆ ಅದನ್ನು ರೂಪಿಸಿರಲೇ ಇಲ್ಲ. ಎಕ್ಸ್‌ಚೇಂಜುಗಳು ಉಸಿರುಕಟ್ಟಿದವು, ರಾಂಗ್ ನಂಬರು, ಡೆಡ್ ಲೈನುಗಳ ದೂರು ಪಾರ್ಲಿಮೆಂಟಿನವರೆಗೆ ಹೋಯಿತು. ಬೈಗುಳದಲ್ಲಿ ದೊಡ್ಡ ಪಾಲು ತಯಾರಿಸಿದವರಿಗೆ ಬಂತು. ಕಡೆಗೆ ಇಲಾಖೆಯ ಸಂಶೋಧನಾ ಕೇಂದ್ರ ಮತ್ತು ಐಟಿಐ ಎಂಜಿನಿಯರುಗಳು ಸೇರಿ ವಿನ್ಯಾಸವನ್ನು ಭಾರತದ ಬಳಕೆಗೆ ತಿದ್ದಿದರು. ಐಟಿಐಯ ಎಂಜಿನಿಯರಿಂಗ್ ಸಾಧನೆಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ.

ಹೆಂಗಸರ ಬೆಂಚು, ನಾಲ್ಕು ಭಾಷೆ

ಕಾಯಿಲ್ ಸುತ್ತುವುದು, ವೈರಿಂಗ್, ಬೆಸುಗೆ, ಟೆಲಿಫೋನ್ ಜೋಡಣೆ ಮುಂತಾದ ಕೆಲಸಗಳಿಗೆ ಐಟಿಐ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡಿತು. ಅವರ ಬೆರಳು ಸೂಕ್ಷ್ಮ, ತಾಳ್ಮೆ ಹೆಚ್ಚು ಎಂಬ ಸಮಜಾಯಿಷಿ ಕೇಳಿಬರುತ್ತಿತ್ತು. ಅದೇ ಬೆರಳುಗಳಿಗೆ ಟೂಲ್ ರೂಮಿನ ಬಾಗಿಲು ಮಾತ್ರ ತೆರೆಯಲಿಲ್ಲ, ಆ ಕೆಲಸವೂ ಸೂಕ್ಷ್ಮದ್ದೇ ಆದರೂ. ಸಂಜೆ 7ರಿಂದ ಬೆಳಗಿನ 6ರವರೆಗೆ ಹೆಂಗಸರನ್ನು ದುಡಿಸಕೂಡದು ಎಂಬ ಕಾಯ್ದೆಯಿದ್ದುದರಿಂದ ಅವರು ರಾತ್ರಿ ಪಾಳಿಗೆ ಹೊರಗಾದರು. ಪಾಳಿ ಭತ್ಯೆ, ಓಟಿ, ಕೆಲವು ಬಗೆಯ ಬಡ್ತಿಗಳು ಅದರ ಜೊತೆಗೇ ಕೈತಪ್ಪಿದವು.

ಹಾಗಿದ್ದೂ ಬೆಂಗಳೂರಿನ ಕೆಳಮಧ್ಯಮ ವರ್ಗದ ಮನೆಗಳಲ್ಲಿ ಈ ನೌಕರಿ ತಂದ ಬದಲಾವಣೆ ದೊಡ್ಡದು. ಟೀಚರ್ ಕೆಲಸ, ನರ್ಸ್ ಕೆಲಸ ಬಿಟ್ಟರೆ ಹೆಣ್ಣುಮಕ್ಕಳಿಗೆ ಗೌರವದ ಸಂಬಳ ಎಲ್ಲಿಯೂ ಇಲ್ಲದ ಕಾಲದಲ್ಲಿ ಗಂಡಸರಷ್ಟೇ ಮೂಲ ವೇತನ, ಹೆರಿಗೆ ರಜೆ, ಶಿಶುಮಂದಿರ, ಸ್ವಂತ ಪಿ.ಎಫ್. ಖಾತೆ. ಬೆಳಿಗ್ಗೆ ಕಂಪನಿ ಬಸ್ಸಿಗೆ ಟಿಫಿನ್ ಕ್ಯಾರಿಯರ್ ಹಿಡಿದು ನಿಂತ ಹೆಂಗಸರ ಸಾಲು ಅಲಸೂರು, ಫ್ರೇಜರ್ ಟೌನ್ ಕಡೆಯ ರಸ್ತೆಗಳಲ್ಲಿ ನಿತ್ಯದ ನೋಟವಾಗಿತ್ತು.

ಷಾಪಿನಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕೂ ಕಿವಿಗೆ ಬೀಳುತ್ತಿದ್ದವು. ಕೆಲಸದ ಮಾತು ಮಾತ್ರ ಎಲ್ಲರಿಗೂ ಒಂದೇ: ಸ್ಪ್ರಿಂಗು, ರಿಲೇ, ಬ್ಯಾಂಕು, ವೈಪರು. ದಂಡು ಪ್ರದೇಶಕ್ಕೆ ಹತ್ತಿರವಿದ್ದ ಕಾರ್ಖಾನೆಯಲ್ಲಿ ತಮಿಳು ಮಾತಾಡುವವರ ಸಂಖ್ಯೆ ಮೊದಲಿಂದಲೂ ಹೆಚ್ಚು. ನೇಮಕಾತಿಯಲ್ಲಿ ಕನ್ನಡಿಗರಿಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲ ಎಂಬ ಅಸಮಾಧಾನ ಬೆಂಗಳೂರಿನ ಎಲ್ಲ ಕೇಂದ್ರೋದ್ಯಮಗಳ ಮೇಲೂ ಇತ್ತು. ಗೋಕಾಕ್ ಚಳವಳಿಯ ಬೆನ್ನಿಗೆ ನೇಮಕವಾದ ಸರೋಜಿನಿ ಮಹಿಷಿ ಸಮಿತಿ ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳು ಪೂರ್ತಿ, ಬಿ ದರ್ಜೆಯಲ್ಲಿ ಶೇ. 80, ಎ ದರ್ಜೆಯಲ್ಲಿ ಶೇ. 65 ಕನ್ನಡಿಗರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಅದರ ಅಂತಿಮ ವರದಿ 1986ರಲ್ಲಿ ಬರುವ ಹೊತ್ತಿಗೆ ಐಟಿಐ ಬೆಂಗಳೂರಿನಲ್ಲಿ ದೊಡ್ಡ ಪ್ರಮಾಣದ ನೇಮಕಾತಿಯ ಕಾಲವೇ ಮುಗಿಯುತ್ತ ಬಂದಿತ್ತು. ಕಾರ್ಖಾನೆಯೊಳಗೆ ಭಾಷೆಯ ಭೇದ ಜಗಳವಾಗಿ ಕಾಣಿಸಿದ್ದು ಮುಖ್ಯವಾಗಿ ಯೂನಿಯನ್ ಚುನಾವಣೆಗಳಲ್ಲಿ. ನವೆಂಬರ್ ಬಂದರೆ ರಾಜ್ಯೋತ್ಸವದ ನಾಟಕಕ್ಕೆ ಬಣ್ಣ ಹಚ್ಚಿಕೊಂಡವರಲ್ಲಿ ಮನೆಮಾತು ಕನ್ನಡವಲ್ಲದವರೂ ಇರುತ್ತಿದ್ದರು.

ಎಪ್ಪತ್ತೇಳು ದಿನ

ಐಟಿಐ ಕಾರ್ಮಿಕ ಸಂಘ ಬೆಂಗಳೂರಿನ ಬಲವಾದ ಸಂಘಗಳಲ್ಲಿ ಒಂದಾಗಿತ್ತು. ಅದರ ನಾಯಕರಲ್ಲೊಬ್ಬರಾದ ಮೈಕೆಲ್ ಫರ್ನಾಂಡಿಸ್, ಜಾರ್ಜ್ ಫರ್ನಾಂಡಿಸ್ ಅವರ ತಮ್ಮ, ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಬಂಧನದಲ್ಲಿದ್ದರು. ಮುಂದೆ ಶಾಸಕರೂ ಆದರು.

1980ರ ಡಿಸೆಂಬರ್ 26ರಂದು ಬೆಂಗಳೂರಿನ ಐದು ಕೇಂದ್ರೋದ್ಯಮಗಳು, ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಒಟ್ಟಿಗೆ ಸ್ತಬ್ಧವಾದವು. ಬಿಎಚ್‌ಇಎಲ್ ನೌಕರರಿಗೆ ಸಿಗುವ ವೇತನ ತಮಗೂ ಸಿಗಬೇಕೆಂಬುದು ಬೇಡಿಕೆ. ಎಲ್ಲ ಸಂಘಗಳೂ ಜಂಟಿ ಕ್ರಿಯಾ ರಂಗದ ಕೆಳಗೆ ಬಂದಿದ್ದವು. ಎದುರಾಳಿ ಮಾತ್ರ ಬೆಂಗಳೂರಿನಲ್ಲಿರಲಿಲ್ಲ. ವೇತನದ ಮಿತಿ ದೆಹಲಿಯ ಬ್ಯೂರೊದ್ದು, ಅದನ್ನು ಸಡಿಲಿಸಿದರೆ ದೇಶದ ಎಲ್ಲ ಉದ್ದಿಮೆಗಳಿಗೂ ಸಡಿಲಿಸಬೇಕು. ಕೇಂದ್ರ ಸರ್ಕಾರ ಕದಲಲಿಲ್ಲ.

ಸಂಕ್ರಾಂತಿ ಸಂಬಳವಿಲ್ಲದೆ ಕಳೆಯಿತು. ದಿನಸಿ ಅಂಗಡಿಯ ಉದ್ರಿ ಪುಸ್ತಕ ತುಂಬಿತು, ಬಳೆ ಸರಗಳು ಗಿರವಿಗೆ ಹೋದವು, ಚೀಟಿಗಳು ಮುರಿದವು. ಕಾಲೊನಿಯ ಮನೆಯಲ್ಲಿ ಕೂತು ಮುಷ್ಕರ ಮಾಡುವವನಿಗೆ ಮನೆಯೂ ಮಾಲೀಕನದೇ, ಆಸ್ಪತ್ರೆಯೂ ಮಾಲೀಕನದೇ. 77 ದಿನಗಳ ನಂತರ, 1981ರ ಮಾರ್ಚ್ ಎರಡನೇ ವಾರದಲ್ಲಿ, ಮುಖ್ಯ ಬೇಡಿಕೆ ಈಡೇರದೆ ಕೆಲಸಗಾರರು ಗೇಟಿನೊಳಗೆ ಮರಳಿದರು.

ಈ ಮುಷ್ಕರ ಎರಡೂ ಕಡೆ ಗಾಯ ಮಾಡಿತು. ಒಗ್ಗಟ್ಟಿನ ಮೇಲಿದ್ದ ನಂಬಿಕೆ ಸಡಿಲವಾಯಿತು. ಹೊಸ ಘಟಕ ಬೆಂಗಳೂರಿನಾಚೆ ಇರುವುದೇ ಕ್ಷೇಮ ಎಂಬ ಆಲೋಚನೆಗೂ ಇಂಬು ಸಿಕ್ಕಿತು.

ಕೈ ಬೇಡದ ಯಂತ್ರ

ಘಟಕಗಳು ಹೊರಗೆ ಹೋಗುವುದು ಮುಷ್ಕರಕ್ಕೆ ಮೊದಲೇ ಶುರುವಾಗಿತ್ತು. ಶ್ರೀನಗರ 1969, ನೈನಿ 1971, ರಾಯಬರೇಲಿ 1973, ಪಾಲಕ್ಕಾಡ್ 1976. ರಾಯಬರೇಲಿ ಆಗಿನ ಪ್ರಧಾನಿಯ ಕ್ಷೇತ್ರ ಎಂಬುದನ್ನು ದೂರವಾಣಿನಗರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಿಜವಾದ ತಿರುವು ಬಂದದ್ದು 1982ರಲ್ಲಿ, ಫ್ರಾನ್ಸಿನ ಸಿಐಟಿ-ಅಲ್ಕಾಟೆಲ್ ಜೊತೆ ಇ10ಬಿ ಎಂಬ ಡಿಜಿಟಲ್ ಎಕ್ಸ್‌ಚೇಂಜಿಗೆ ಒಪ್ಪಂದವಾದಾಗ. ಅದರ ಮೊದಲ ಕಾರ್ಖಾನೆ, ವರ್ಷಕ್ಕೆ 5 ಲಕ್ಷ ಲೈನುಗಳ ಸಾಮರ್ಥ್ಯದ್ದು, ಉತ್ತರ ಪ್ರದೇಶದ ಗೊಂಡಾ ಜಿಲ್ಲೆಯ ಮನಕಾಪುರಕ್ಕೆ ಹೋಯಿತು. ಮೂರು ದಶಕಗಳ ಅನುಭವವಿದ್ದ ಕೈಗಳೆಲ್ಲ ಬೆಂಗಳೂರಿನಲ್ಲಿದ್ದವು.

ಆದರೆ ಆ ಕೈಗಳು ಬೇಕಾಗಿದ್ದವೇ ಎಂಬ ಪ್ರಶ್ನೆ ಇನ್ನೂ ಕಹಿ. ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಏರುವ ದಂಡವಿಲ್ಲ, ಬಗ್ಗಿಸುವ ಸ್ಪ್ರಿಂಗಿಲ್ಲ, ಗವರ್ನರಿನ ರೆಕ್ಕೆಯಿಲ್ಲ. ಮುದ್ರಿತ ಸರ್ಕ್ಯೂಟ್ ಹಲಗೆಗೆ ಬಿಡಿಭಾಗಗಳನ್ನು ಯಂತ್ರವೇ ಕೂರಿಸುತ್ತದೆ, ಕರಗಿದ ಬೆಸುಗೆ ಲೋಹದ ಅಲೆಯ ಮೇಲೆ ಹಾದುಹೋದ ಹಲಗೆಗೆ ಸಾವಿರಾರು ಬೆಸುಗೆಗಳು ಒಂದೇ ಸಲಕ್ಕೆ ಬೀಳುತ್ತವೆ, ಸರಿಯಿದೆಯೇ ಎಂದು ಕಂಪ್ಯೂಟರ್ ನೋಡುತ್ತದೆ. ಇಪ್ಪತ್ತು ವರ್ಷ ಅಡ್ಜಸ್ಟ್‌ಮೆಂಟ್ ಮಾಡಿದ ಕೈಗೆ ಅಲ್ಲಿ ಹಿಡಿಯಲು ಏನೂ ಇಲ್ಲ. 1984ರ ಆಗಸ್ಟಿನಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ದೇಶದಲ್ಲೇ ರೂಪಿಸಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಅದರ ತಯಾರಿಕೆಯ ಪರವಾನಗಿ ಐಟಿಐಗೂ ಸಿಕ್ಕಿತು, ಖಾಸಗಿಯವರಿಗೂ ಸಿಕ್ಕಿತು. ಟೆಲಿಫೋನ್ ಉಪಕರಣದ ತಯಾರಿಕೆ 1984ರಲ್ಲೇ ಖಾಸಗಿಗೆ ತೆರೆದಿತ್ತು. ಐಟಿಐಯ ‘ಪ್ರಿಯದರ್ಶಿನಿ’ ಫೋನಿನ ಪಕ್ಕದಲ್ಲಿ ಬಣ್ಣ ಬಣ್ಣದ ಬಟನ್ ಫೋನುಗಳು ಬಂದು ಕೂತವು.

ಅತ್ತ ಯಂತ್ರಕ್ಕೆ ಕೈ ಬೇಡವಾಗುತ್ತಿದ್ದಾಗ ಇತ್ತ ನೌಕರರ ಸಂಖ್ಯೆ ಶಿಖರ ಮುಟ್ಟಿತ್ತು. 1980ರ ದಶಕದ ಕೊನೆಗೆ ಎಲ್ಲ ಘಟಕಗಳೂ ಸೇರಿ ಸುಮಾರು 30,000 ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನವರು. 1991ರ ಉದಾರೀಕರಣದ ನಂತರ ಎಕ್ಸ್‌ಚೇಂಜ್ ತಯಾರಿಕೆಗೆ ಸೀಮೆನ್ಸ್, ಎರಿಕ್‌ಸನ್ ಮೊದಲಾದ ಬಹುರಾಷ್ಟ್ರೀಯ ಕಂಪನಿಗಳು ಇಳಿದವು. ದೂರಸಂಪರ್ಕ ಇಲಾಖೆ ಟೆಂಡರ್ ಕರೆಯತೊಡಗಿತು, ಬೆಲೆ ಕುಸಿಯಿತು. ಖರ್ಚಿನ ಮೇಲೆ ಇಷ್ಟು ಲಾಭ ಎಂಬ ಹಳೆಯ ಲೆಕ್ಕ ಒಂದೆರಡು ವರ್ಷದಲ್ಲೇ ಸತ್ತಿತು.

ಆಮೇಲಿನ ಅನುಭವ ನೌಕರರ ನೆನಪಿನಲ್ಲಿ ಮುಷ್ಕರಕ್ಕಿಂತ ಆಳವಾಗಿ ಕೂತಿದೆ. ಅದು ಕೆಲಸವಿಲ್ಲದ ಹಾಜರಿ. ಬಸ್ಸು ಬರುತ್ತದೆ, ಕಾರ್ಡ್ ಪಂಚಾಗುತ್ತದೆ, ಷಾಪಿನಲ್ಲಿ ಮೆಷಿನುಗಳ ಮೇಲೆ ಹೊದಿಕೆ. ಆರ್ಡರ್ ಬಂದಿಲ್ಲ, ಅಥವಾ ಬಂದ ಆರ್ಡರಿಗೆ ಸಾಮಾನು ಬಂದಿಲ್ಲ. ದುಡಿಯದೆ ಸಂಬಳ ಬರುವುದು ಸುಖ ಎಂದುಕೊಳ್ಳುವವರು ಅದನ್ನು ಅನುಭವಿಸಿದವರಲ್ಲ. ಕೆಲವರನ್ನು ಮರುತರಬೇತಿಗೆ ಕಳಿಸಲಾಯಿತು, ಕೆಲವರನ್ನು ಕ್ಲಾರ್ಕ್ ಮೇಜುಗಳಿಗೆ ಹಾಕಲಾಯಿತು. ಬಹಳ ಜನ ಸ್ವಯಂನಿವೃತ್ತಿಯ ಹಣ ತೆಗೆದುಕೊಂಡು ಹೊರಟರು. ಆಟೊ ಕೊಂಡವರು, ಅಂಗಡಿ ಇಟ್ಟವರು, ಮಗಳ ಮದುವೆಗೆ ಪೂರಾ ಖರ್ಚು ಮಾಡಿ ಕೈಚೆಲ್ಲಿ ಕೂತವರು. ಎಂಜಿನಿಯರುಗಳ ದಾರಿ ಬೇರೆಯಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು, ಅದರ ಹಿಂದೆ ಸಾಫ್ಟ್‌ವೇರ್ ಕಂಪನಿಗಳ ಸಾಲೇ ಬಂತು. ಐಟಿಐಯ ಪ್ರಯೋಗಾಲಯಗಳಲ್ಲಿ ಟೆಲಿಕಾಂ ಕಲಿತ ಯುವಕರು ಅಲ್ಲಿಗೆ ನಡೆದರು. ‘ಐಟಿ’ಗೆ ಹೋಗಲು ‘ಐಟಿಐ’ಯಿಂದ ಒಂದು ಅಕ್ಷರ ಬಿಟ್ಟರೆ ಸಾಕು ಎಂಬುದು ಕ್ಯಾಂಟೀನಿನ ತಮಾಷೆ ಆಗಿದ್ದರೆ ಆಶ್ಚರ್ಯವಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಷ್ಟ ಬೆಳೆದು ಕಂಪನಿ ರೋಗಗ್ರಸ್ತ ಉದ್ದಿಮೆಗಳ ಪಟ್ಟಿಗೆ ಸೇರಿತು. 2014ರಲ್ಲಿ ಕೇಂದ್ರ ಸಂಪುಟ ಸಮಿತಿ 4,156 ಕೋಟಿ ರೂಪಾಯಿ ಮೀರಿದ ಪುನಶ್ಚೇತನ ಯೋಜನೆಗೆ ಒಪ್ಪಿತು. ಈಗ ಕಾಯಂ ನೌಕರರು ಎಲ್ಲ ಘಟಕಗಳೂ ಸೇರಿ 3,000ದ ಒಳಗೆ. 2023ರಲ್ಲಿ ಬಿಎಸ್‌ಎನ್‌ಎಲ್‌ನ 4ಜಿ ಜಾಲದ ಕೆಲಸದಲ್ಲಿ ಐಟಿಐಗೆ ಒಂದು ಪಾಲು ಸಿಕ್ಕಿದೆ. ಕಾಯಂ ನೌಕರರು ಕಡಿಮೆಯಾದ ಜಾಗಕ್ಕೆ ಗುತ್ತಿಗೆಯವರು ಬಂದಿದ್ದಾರೆ. 2021ರ ಡಿಸೆಂಬರ್ ಮೊದಲ ದಿನ, ಕೆಲಸ ನಿರಾಕರಿಸಲಾಯಿತೆಂದು ಅಂಥ ಸುಮಾರು 80 ಕಾರ್ಮಿಕರು ಬೆಂಗಳೂರು ಘಟಕದ ಗೇಟಿನ ಮುಂದೆ ಧರಣಿ ಕೂತರು. ಆ ಧರಣಿ ತಿಂಗಳುಗಟ್ಟಲೆ ನಡೆಯಿತು. ಐದು ಲಕ್ಷ ಲೈನುಗಳ ಲೆಕ್ಕಕ್ಕೆ ಕೊಟ್ಟ ಜಾಗವನ್ನು ಕಂಪನಿಯ ಚರಿತ್ರೆ ಈ 80 ಜನರಿಗೂ ಕೊಡಬೇಕಾಗುತ್ತದೆ.

ಎಚ್‌ಎಂಟಿ ಗಡಿಯಾರಗಳಿಗೆ ಜಾಲಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯವಾಗಿದೆ. ದೂರವಾಣಿನಗರದ ಕೆಲಸಗಾರರ ಕಥೆಯ ಸಾಮಗ್ರಿ ಬಹುಪಾಲು ನಿವೃತ್ತರ ಮನೆಗಳ ಟ್ರಂಕುಗಳಲ್ಲೇ ಇದೆ: ಪಂಚ್ ಕಾರ್ಡು, ಸಂಬಳದ ಚೀಟಿ, ಯೂನಿಯನ್ ಕರಪತ್ರ, ಮೆಮೊಗಳು, ರಾಜ್ಯೋತ್ಸವದ ಫೋಟೊ, ಮೂತಿ ಸವೆದ ಇಕ್ಕಳ. ಸ್ಟ್ರೋಜರ್ ಕಾಲದಲ್ಲಿ ಬೆಂಚಿಗೆ ಕೂತವರಿಗೆ ಈಗ ಎಪ್ಪತ್ತು ಎಂಬತ್ತು ದಾಟಿದೆ. ಇಂಥ ವಸ್ತುಗಳು ಮನೆಯಲ್ಲಿ ಇರುವವರು ಅವನ್ನು ಗುಜರಿಗೆ ಹಾಕುವ ಮೊದಲು ಯಾವುದಾದರೂ ಗ್ರಂಥಾಲಯಕ್ಕೋ ಕನ್ನಡ ಸಂಘಕ್ಕೋ ತಲುಪಿಸಬೇಕು, ಜೊತೆಗೆ ಯಾವ ಷಾಪು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದಿಡಬೇಕು.